ಕೆಂಪು ಇಟ್ಟಿಗೆ ಮನೆಗೆ ಯಾವ ಬಣ್ಣ ಒಪ್ಪುತ್ತದೆ?

(ಮನೆ ಕಟ್ಟಿಸುತ್ತಿರುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಟ್ಟಿಗೆ ಕಾಣುವ ಹಾಗೆ ಮನೆ ಕಟ್ಟಿಸಿದವರು ಪೇಂಟ್ ಅಂಗಡಿಗೆ ಹೋಗುವ ಹೊತ್ತಿಗೆ ಅವರ ಮನೆಗೆ ಆಗಲೇ ಒಂದು ಬಣ್ಣ ಬಂದಾಗಿರುತ್ತದೆ. ಅದು ಸಣ್ಣ ಬಣ್ಣವೂ ಅಲ್ಲ. ರಸ್ತೆಯಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದೇ ಅದು. ಅಂಗಡಿಯವರು ಕೈಗೆ ಕೊಡುವ ಶೇಡ್ ಕಾರ್ಡಿನಲ್ಲಿ ಸಾವಿರ ಬಣ್ಣ ಇದ್ದರೂ ನೀವು ಆರಿಸುತ್ತಿರುವುದು ಎರಡನೆಯದನ್ನು ಮತ್ತು ಮೂರನೆಯದನ್ನು. ಹಾಗಾಗಿ ಇಟ್ಟಿಗೆಯನ್ನು ಸರಿಯಾಗಿ ನೋಡದೆ ಕಾರ್ಡು ತೆರೆಯಬೇಡಿ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಇಟ್ಟಿಗೆಯ ಕೆಂಪು ಎಲ್ಲಿಂದ ಬರುತ್ತದೆ? ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ. ಗೂಡಿನಲ್ಲಿ 900, 1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಗಾಳಿ ಆಡುತ್ತಾ ಬೆಂದಾಗ ಆ ಕಬ್ಬಿಣ ಕೆಂಪಾಗುತ್ತದೆ. ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದರೆ ಇಟ್ಟಿಗೆ ಹಳದಿಯ ಕಡೆಗೆ ವಾಲುತ್ತದೆ. ಗೂಡಿನಲ್ಲಿ ಬೆಂಕಿಗೆ ಹತ್ತಿರ ಇದ್ದ ಇಟ್ಟಿಗೆ ಕಡುಗೆಂಪು, ಕೆಲವೊಮ್ಮೆ ನೇರಳೆ ಮಿಶ್ರಿತ ಕಂದು. ದೂರ ಇದ್ದದ್ದು ತಿಳಿ ಕಿತ್ತಳೆ. ಒಂದೇ ಗೂಡಿನ ಒಂದೇ ಲೋಡಿನಲ್ಲಿ ಐದಾರು ಕೆಂಪು ಇರುವುದು ಇದಕ್ಕೇ. ಮಾಲೂರು, ಹೊಸಕೋಟೆ ಕಡೆಯಿಂದ ಬರುವ ಕೈ ಇಟ್ಟಿಗೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ವೈರ್‌ಕಟ್ ಇಟ್ಟಿಗೆ ಯಂತ್ರದಿಂದ ಬರುವುದರಿಂದ ಅದರ ಬಣ್ಣ ಹೆಚ್ಚು ಸಮನಾಗಿರುತ್ತದೆ, ಸಾಮಾನ್ಯವಾಗಿ ಕಿತ್ತಳೆ ಕಡೆಗೆ.

ನಿಮ್ಮ ಗೋಡೆ ಕಿತ್ತಳೆಯ ಕಡೆಗಿದೆಯೋ ನೇರಳೆಯ ಕಡೆಗಿದೆಯೋ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಸುಮ್ನೆ ನೋಡಿದರೆ ಇದು ಗೊತ್ತಾಗುವುದಿಲ್ಲ. ಮನಸ್ಸು "ಇಟ್ಟಿಗೆ ಅಂದರೆ ಕೆಂಪು" ಅಂತ ತೀರ್ಮಾನ ಮಾಡಿಬಿಟ್ಟಿರುತ್ತದೆ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ನಡುವೆ ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡಿ. ಅದನ್ನು ಗೋಡೆಯ ಮೇಲಿಟ್ಟು ತೂತಿನೊಳಗೆ ಕಾಣುವ ಬಣ್ಣವನ್ನಷ್ಟೇ ನೋಡಿ. ಗೋಡೆಯ ಬೇರೆ ಬೇರೆ ಜಾಗದಲ್ಲಿ ಹೀಗೆ ಮಾಡಿ. ಇಟ್ಟಿಗೆ ಅಂದುಕೊಂಡಿದ್ದಕ್ಕಿಂತ ಎಷ್ಟು ಕಂದು, ಎಷ್ಟು ಕಿತ್ತಳೆ ಅಂತ ಆಗ ಗೊತ್ತಾಗುತ್ತದೆ. ಆಮೇಲೆ ಒಂದು ಚೊಂಬು ನೀರು ಹಾಕಿ ಒದ್ದೆ ಗೋಡೆಯನ್ನೂ ನೋಡಿ. ನಮ್ಮಲ್ಲಿ ಮಳೆಗಾಲ ತಿಂಗಳುಗಟ್ಟಲೆ ಇರುತ್ತದೆ. ಅಷ್ಟು ದಿನ ನಿಮ್ಮ ಮನೆ ಆ ಕಡು ಬಣ್ಣದಲ್ಲೇ ಇರುತ್ತದೆ, ಅಲ್ವಾ?

ಇನ್ನು ಇಟ್ಟಿಗೆಗಳ ನಡುವಿನ ಸಂದು. ಇದನ್ನು ಬಹಳ ಜನ ಬಣ್ಣ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 190 ಮಿಲಿಮೀಟರ್ ಉದ್ದ, 90 ಮಿಲಿಮೀಟರ್ ಎತ್ತರದ ಇಟ್ಟಿಗೆಯನ್ನು 10 ಮಿಲಿಮೀಟರ್ ಸಂದು ಬಿಟ್ಟು ಕಟ್ಟಿದರೆ, ಗೋಡೆಯ ಏಳನೇ ಒಂದು ಭಾಗ ಬರೀ ಸಂದೇ ಆಗಿರುತ್ತದೆ. ನೂರು ಚದರಡಿ ಗೋಡೆಯಲ್ಲಿ ಹದಿನಾಲ್ಕು ಚದರಡಿಗಿಂತ ಜಾಸ್ತಿ. ಸಿಮೆಂಟಿನ ಬೂದು ಸಂದು ಇದ್ದರೆ ದೂರದಿಂದ ಇಡೀ ಗೋಡೆ ಸ್ವಲ್ಪ ಮಂಕಾಗಿ, ತಣ್ಣಗೆ ಕಾಣುತ್ತದೆ. ಸುಣ್ಣದ ತಿಳಿ ಸಂದು ಇದ್ದರೆ ಅದೇ ಇಟ್ಟಿಗೆ ಬೆಳ್ಳಗೆ, ಹಗುರವಾಗಿ ಕಾಣುತ್ತದೆ. ಕೆಂಪು ಪುಡಿ ಬೆರೆಸಿದ ಸಂದು ಹಾಕಿದರೆ ಗೋಡೆ ಒಂದೇ ಕೆಂಪು ಹಲಗೆಯ ಹಾಗೆ ಆಗುತ್ತದೆ. ಇಟ್ಟಿಗೆಯ ಲಯವೇ ಹೋಗಿಬಿಡುತ್ತದೆ. ಇದು ನನಗಂತೂ ಇಷ್ಟವಿಲ್ಲ. ನೀವಿನ್ನೂ ಪಾಯಿಂಟಿಂಗ್, ಅಂದರೆ ಸಂದಿಗೆ ಗಾರೆ ತುಂಬುವ ಕೆಲಸ, ಮಾಡಿಸಿಲ್ಲ ಅಂದರೆ ನಿಮ್ಮ ಮೊದಲ ಬಣ್ಣದ ಆಯ್ಕೆ ಅಲ್ಲೇ ಇದೆ. ಮೇಸ್ತ್ರಿಗೆ ಬಿಟ್ಟುಬಿಡಬೇಡಿ. ಎರಡಡಿ ಅಗಲದ ಜಾಗದಲ್ಲಿ ಎರಡು ಮೂರು ತರಹ ಮಾಡಿಸಿ, ಪೂರ್ತಿ ಒಣಗಿದ ಮೇಲೆ ನೋಡಿ. ಹಸಿ ಇದ್ದಾಗ ಎಲ್ಲ ಸಂದೂ ಕಪ್ಪಗೇ ಇರುತ್ತದೆ.

ಈಗ ಬಣ್ಣಕ್ಕೆ ಬಣ್ಣ ಏನು ಮಾಡುತ್ತದೆ ಅಂತ ನೋಡೋಣ. ಫ್ರಾನ್ಸಿನಲ್ಲಿ ಗೋಬ್ಲಾಂ ಅನ್ನುವ ಹೆಸರಾಂತ ನೇಯ್ಗೆ ಕಾರ್ಖಾನೆ ಇತ್ತು. ಅಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದವರು ಷೆವ್ರೋಲ್ ಅನ್ನುವ ರಸಾಯನ ವಿಜ್ಞಾನಿ. ಕಪ್ಪು ದಾರ ಸಾಕಷ್ಟು ಕಪ್ಪಾಗಿ ಕಾಣುತ್ತಿಲ್ಲ ಅಂತ ದೂರು ಬಂತು. ಅವರು ಪರೀಕ್ಷೆ ಮಾಡಿ ನೋಡಿದರೆ ಬಣ್ಣದಲ್ಲಿ ದೋಷ ಇರಲಿಲ್ಲ. ಪಕ್ಕದಲ್ಲಿದ್ದ ದಾರದ ಬಣ್ಣ ಕಪ್ಪನ್ನು ಬದಲಿಸಿ ತೋರಿಸುತ್ತಿತ್ತು. ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳುತ್ತದೆ ಅನ್ನುವುದನ್ನು ಅವರು 1839ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕೆಂಪಿನ ವಿರುದ್ಧ ದಿಕ್ಕು ಹಸಿರು. ಕಿತ್ತಳೆಯ ವಿರುದ್ಧ ದಿಕ್ಕು ನೀಲಿ.

ಇದು ನಮ್ಮ ಕಣ್ಣೆದುರೇ ಇದೆ. ಬೆಂಗಳೂರಿನಲ್ಲಿ 1868ರಲ್ಲಿ ಮುಗಿದ ಅಠಾರ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡವನ್ನು ನೋಡಿ. ಅದು ಬಳಿದ ಕೆಂಪು, ಇಟ್ಟಿಗೆಯ ಕೆಂಪಲ್ಲ. ಆದರೂ ಪಾಠ ಅದೇ. ಅದರ ಹಿಂದೆ ಕಬ್ಬನ್ ಪಾರ್ಕಿನ ಮರಗಳಿವೆ. ಆ ಹಸಿರು ಕಟ್ಟಡದ ಕೆಂಪನ್ನು ಇನ್ನಷ್ಟು ಕೆಂಪು ಮಾಡುತ್ತದೆ. ಅದೇ ಪಾರ್ಕಿನೊಳಗಿನ ಸೆಂಟ್ರಲ್ ಲೈಬ್ರರಿಯಲ್ಲೂ ಇದೇ ಕಾಣುತ್ತದೆ. ಮನೆಯ ಮುಂದೆ ಒಂದು ಹೊಂಗೆ ಮರ, ಒಂದು ಮಲ್ಲಿಗೆ ಬಳ್ಳಿ ಇದ್ದರೆ ನಿಮ್ಮ ಇಟ್ಟಿಗೆಗೆ ಬೇಕಾದ ಹಸಿರು ಆಗಲೇ ಸಿಕ್ಕಿದೆ. ಗೋಡೆಗೆ ಹಸಿರು ಬಳಿಯುವ ಅಗತ್ಯ ಇಲ್ಲ.

ಇಟ್ಟಿಗೆ ಪಕ್ಕ ಬೂದು ಬಣ್ಣ ಹಾಕಿಸಿ "ಅಂಗಡಿಯಲ್ಲಿ ಬೂದು ಇತ್ತು, ಗೋಡೆ ಮೇಲೆ ನೀಲಿ ಆಗಿಬಿಟ್ಟಿದೆ" ಅಂತ ಬೇಜಾರು ಮಾಡಿಕೊಳ್ಳುವವರು ತುಂಬಾ ಜನ. ಪೇಂಟ್ ಕಲಸುವವರ ತಪ್ಪಲ್ಲ ಅದು. ಕಿತ್ತಳೆ ಇಟ್ಟಿಗೆ ಪಕ್ಕದ ಬೂದನ್ನು ನೀಲಿಯ ಕಡೆಗೆ ತಳ್ಳುತ್ತಿದೆ, ಅಷ್ಟೇ. ಹಾಗಾಗಿ ಕಿತ್ತಳೆ ಇಟ್ಟಿಗೆಗೆ ಬೂದು ಬೇಕೆಂದರೆ ಸ್ವಲ್ಪ ಹಳದಿ, ಸ್ವಲ್ಪ ಕಂದು ಬೆರೆತ ಬೂದು ತೆಗೆದುಕೊಳ್ಳಿ. ಕಾರ್ಡಿನಲ್ಲಿ ಅದು ಕೊಳಕು ಬಣ್ಣದ ಹಾಗೆ ಕಾಣುತ್ತದೆ. ಗೋಡೆಯ ಮೇಲೆ ಸರಿಯಾದ ಬೂದಾಗಿ ಕಾಣುತ್ತದೆ.

ಬಿಳಿಯ ವಿಷಯಕ್ಕೆ ಬರುತ್ತೇನೆ. ಕೆಂಪಿಗೆ ಬಿಳಿ ಒಪ್ಪುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕರಾವಳಿಯ ಕಾವಿ ಕಲೆಯಲ್ಲಿ ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಅದನ್ನು ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುತ್ತಾರೆ. ಸಾಗರ, ಸೊರಬ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ಇದೆಯಲ್ಲ, ಅದರ ಗೋಡೆಯೂ ಕೆಮ್ಮಣ್ಣಿನದು. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕೆಂಪು, ಬಿಳಿ, ಕಪ್ಪು, ಹಳದಿ. ಈ ನಾಲ್ಕರ ಹೊರಗೆ ಅವರು ಹೋಗುವುದಿಲ್ಲ. ಇಟ್ಟಿಗೆ ಮನೆಗೆ ಬಣ್ಣ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಶೇಡ್ ಕಾರ್ಡು ನನಗೆ ಗೊತ್ತಿಲ್ಲ. ಅದರಲ್ಲೂ ಪ್ರಮಾಣ ಗಮನಿಸಿ. ಕೆಂಪು ಎಲ್ಲಕ್ಕಿಂತ ಜಾಸ್ತಿ. ಬಿಳಿ ಗೆರೆಯಾಗಿ ಬರುತ್ತದೆ. ಕಪ್ಪು, ಹಳದಿ ಅಲ್ಲಲ್ಲಿ ಮಾತ್ರ.

ಆ ಬಿಳಿ ಎಂಥದ್ದು ಅನ್ನುವುದೂ ಮುಖ್ಯ. ಅಕ್ಕಿ ಹಿಟ್ಟಿನ ಬಿಳಿ, ಸುಣ್ಣದ ಬಿಳಿ ಮೆತ್ತಗಿರುತ್ತದೆ. ಈಗಿನ ಪೇಂಟಿನ ಅಪ್ಪಟ ಬಿಳಿಯಲ್ಲಿ ಸಣ್ಣ ನೀಲಿ ಛಾಯೆ ಇರುವುದುಂಟು. ಕಿತ್ತಳೆ ಇಟ್ಟಿಗೆಯ ಪಕ್ಕ ಆ ನೀಲಿ ಎದ್ದು ಕಾಣುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಒಂದು ಮಳೆಗಾಲ ಕಳೆದರೆ ಧೂಳು, ನೀರಿನ ಗೆರೆಯೆಲ್ಲ ಅದರ ಮೇಲೇ ಕಾಣುತ್ತದೆ. ಸಜ್ಜಾ, ಪ್ಯಾರಪೆಟ್, ಕಿಟಕಿಯ ಸುತ್ತಲಿನ ಪಟ್ಟಿ, ಇವಕ್ಕೆಲ್ಲ ಸ್ವಲ್ಪ ಹಳದಿ ಇರುವ ಬಿಳಿ ಹಾಕಿ. ಹಾಲಿನ ಕೆನೆಯಷ್ಟು ಹಳದಿ ಬೇಡ, ಅದಕ್ಕಿಂತ ಕಮ್ಮಿ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಇಟ್ಟಿಗೆಗೆ "ಮ್ಯಾಚ್" ಆಗಲಿ ಅಂತ ಸಜ್ಜಾಕ್ಕೋ ಕಾಂಪೌಂಡಿಗೋ ಟೆರಾಕೋಟಾ ಪೇಂಟ್ ಹೊಡೆಸಬೇಡಿ. ಆಗಲೇ ಹೇಳಿದೆ, ಇಟ್ಟಿಗೆ ಗೋಡೆಯಲ್ಲಿ ಐದಾರು ಕೆಂಪು ಇರುತ್ತವೆ. ಡಬ್ಬಿಯಲ್ಲಿ ಒಂದೇ ಕೆಂಪು. ಎರಡೂ ಅಕ್ಕಪಕ್ಕ ಬಂದಾಗ ಪೇಂಟು ಪ್ಲಾಸ್ಟಿಕ್ ಹಾಗೆ ಕಾಣುತ್ತದೆ, ಇಟ್ಟಿಗೆ ಕೊಳೆಯಾದ ಹಾಗೆ ಕಾಣುತ್ತದೆ. ಎರಡಕ್ಕೂ ಅನ್ಯಾಯ. ಮಂಗಳೂರು ಹೆಂಚಿನ ಮೇಲೆ ಹೊಳೆಯುವ ಕೆಂಪು ಪೇಂಟ್ ಬಳಿಯುವುದೂ ಇದೇ ತಪ್ಪು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಆ ಹೆಂಚು ನಮ್ಮ ಊರುಗಳ ಬಣ್ಣವೇ ಆಗಿದೆ. ಅದೂ ಮಣ್ಣು, ಇಟ್ಟಿಗೆಯೂ ಮಣ್ಣು. ಅವೆರಡು ತಮ್ಮ ಪಾಡಿಗೆ ಹೊಂದಿಕೊಳ್ಳುತ್ತವೆ. ಮೇಲೆ ಹೆಂಚು, ಕೆಳಗೆ ಇಟ್ಟಿಗೆ ಇರುವ ಮನೆಯಲ್ಲಿ ಕೆಂಪು ಸಾಕಷ್ಟಾಯಿತು. ಉಳಿದದ್ದೆಲ್ಲ ಸುಣ್ಣದ ಬಿಳಿ ಮತ್ತು ಮರದ ಬಣ್ಣದಲ್ಲೇ ಮುಗಿಸಿದರೆ ಚೆನ್ನ.

ಕಾಂಕ್ರೀಟಿನ ಸ್ಲ್ಯಾಬ್ ಅಂಚು, ಬೀಮು ಇಟ್ಟಿಗೆಯ ನಡುವೆ ಪಟ್ಟಿಯಾಗಿ ಕಾಣುತ್ತಿದ್ದರೆ ಅದನ್ನು ಹಾಗೇ ಬೂದಾಗಿ ಬಿಡಬಹುದು. ಕೆಲಸ ಚೊಕ್ಕವಾಗಿ ಆಗಿರಬೇಕು, ಅಷ್ಟೇ.

ಬಾಗಿಲು, ಕಿಟಕಿ, ಗ್ರಿಲ್, ಗೇಟು. ಇಲ್ಲಿ ಧೈರ್ಯವಾಗಿ ಕಡು ಬಣ್ಣ ಹಾಕಬಹುದು. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಾಲುವೆ ಪಕ್ಕದ ಹಳೆಯ ಇಟ್ಟಿಗೆ ಮನೆಗಳ ಬಾಗಿಲಿಗೆ ಕಪ್ಪಿಗೆ ಹತ್ತಿರದ ಹಸಿರು, ಕಿಟಕಿ ಚೌಕಟ್ಟಿಗೆ ಬಿಳಿ. ನೂರಾರು ವರ್ಷದಿಂದ ನಡೆದು ಬಂದ ಜೋಡಿ ಅದು. ಇಂಗ್ಲೆಂಡಿನ ಇಟ್ಟಿಗೆ ಮನೆಗಳ ಸಾಲಿನಲ್ಲೂ ಕಪ್ಪು, ಕಡು ಹಸಿರು, ಕಡು ನೀಲಿ ಬಾಗಿಲುಗಳೇ ಜಾಸ್ತಿ. ಕಾರಣ ಷೆವ್ರೋಲ್ ಹೇಳಿದ್ದೇ. ಆದರೆ ಒಂದು ಮಾತು ಸೇರಿಸಬೇಕು. ವಿರುದ್ಧ ಬಣ್ಣ ಇಟ್ಟಿಗೆಯಷ್ಟೇ ಗಾಢತೆಯಲ್ಲಿ, ಇಟ್ಟಿಗೆಯಷ್ಟೇ ಬೆಳಕಿನಲ್ಲಿ ಬಂದರೆ ಎರಡರ ಅಂಚು ಕಣ್ಣಿಗೆ ಕಂಪಿಸಿದ ಹಾಗಾಗುತ್ತದೆ. ಗಿಳಿ ಹಸಿರು ಗ್ರಿಲ್ ಹಾಕಿದ ಇಟ್ಟಿಗೆ ಮನೆ ನೋಡಿದಾಗ ಆಗುವ ಕಸಿವಿಸಿ ಇದೇ. ಹಸಿರೇ ಬೇಕು ಅಂದರೆ ಇಟ್ಟಿಗೆಗಿಂತ ತುಂಬಾ ಕಡುವಾದದ್ದು ತೆಗೆದುಕೊಳ್ಳಿ, ಇಲ್ಲವೇ ಒಣಗಿದ ಎಲೆಯ ಹಾಗೆ ಬೂದು ಬೆರೆತದ್ದು.

ತೇಗದ ಬಾಗಿಲು ಇರುವವರಿಗೆ ಬೇರೆ ಸಮಸ್ಯೆ. ಹೊಸ ತೇಗಕ್ಕೆ ಪಾಲಿಶ್ ಮಾಡಿದರೆ ಹೊನ್ನಿನ ಬಣ್ಣ, ಕಿತ್ತಳೆ ಇಟ್ಟಿಗೆಗೆ ತೀರಾ ಹತ್ತಿರ. ಅಷ್ಟು ದುಡ್ಡು ಕೊಟ್ಟು ಮಾಡಿಸಿದ ಬಾಗಿಲು ಗೋಡೆಯಲ್ಲಿ ಕರಗಿಹೋಗುತ್ತದೆ. ಪಾಲಿಶ್ ಸ್ವಲ್ಪ ಕಡು ಮಾಡಿಸಿ. ಅದು ಬೇಡ ಅಂದರೆ ಬಾಗಿಲ ಸುತ್ತ ನಾಲ್ಕರಿಂದ ಆರು ಇಂಚು ಗಾರೆಯ ಪಟ್ಟಿ ಕೊಟ್ಟು ಸುಣ್ಣದ ಬಿಳಿ ಬಳಿಸಿ. ಹಲಸಿನ ಮರ ಹಳದಿ ಕಡೆಗಿರುವುದರಿಂದ ಈ ತೊಂದರೆ ಕಮ್ಮಿ. ಇನ್ನು ಹೊಸ್ತಿಲು. ಅರಿಶಿನ, ಕುಂಕುಮ, ರಂಗೋಲಿಯ ಬಿಳಿ, ಮೇಲೆ ಮಾವಿನ ಎಲೆ ತೋರಣ. ಇಟ್ಟಿಗೆ ಗೋಡೆಯ ನಡುವೆ ಇಷ್ಟು ಚಂದ ಕಾಣುವ ಬಣ್ಣಗಳು ಬೇರೆ ಇಲ್ಲ. ಬಾಗಿಲ ಸುತ್ತ ನೀವು ಆರಿಸುವ ಬಣ್ಣ ಇವಕ್ಕೆ ಜಾಗ ಬಿಟ್ಟುಕೊಡುವಂತಿರಲಿ.

ಮನೆಯೊಳಗೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ನಡುಮನೆಯಲ್ಲಿ ಒಂದು ಗೋಡೆ ಮಾತ್ರ ಇಟ್ಟಿಗೆ ಇದ್ದರೆ, ಅದರ ಮೇಲೆ ಬಿಸಿಲು ಬಿದ್ದಾಗ ಎದುರಿನ ಬಿಳಿ ಗೋಡೆಗೆ ಗುಲಾಬಿ ಛಾಯೆ ಬರುತ್ತದೆ. ಬೆಳಕು ಇಟ್ಟಿಗೆಗೆ ಬಡಿದು ಕೆಂಪಾಗಿ ಅಲ್ಲಿಗೆ ಹೋಗುತ್ತದೆ. ಆದ್ದರಿಂದ ಒಳಗೆ ಗುಲಾಬಿ ಮಿಶ್ರಿತ ಕ್ರೀಮ್ ಬೇಡ. ಕೆಂಪು ಇಮ್ಮಡಿಯಾಗುತ್ತದೆ. ಹಸಿರಿನ ಕಡೆಗೆ ಕೂದಲೆಳೆಯಷ್ಟು ವಾಲಿದ ಬಿಳಿ ಹಾಕಿದರೆ ಬಿಸಿಲಿನ ಹೊತ್ತಿನಲ್ಲಿ ಅದು ಶುದ್ಧ ಬಿಳಿಯಾಗಿ ಕಾಣುತ್ತದೆ. ನೆಲ ರೆಡ್ ಆಕ್ಸೈಡ್ ಆಗಿದ್ದು ಗೋಡೆಯೂ ಇಟ್ಟಿಗೆಯಾದರೆ ಕೋಣೆ ಕತ್ತಲಾಗುತ್ತದೆ. ಅಂಥ ಕಡೆ ಉಳಿದ ಮೂರು ಗೋಡೆ ಮತ್ತು ಸೀಲಿಂಗ್ ಬಿಳಿಯೇ ಇರಲಿ. ಶಹಾಬಾದ್ ಕಲ್ಲಿನ ಬೂದು ನೆಲ ಇದ್ದರೆ ನಿಮಗೆ ಹೆಚ್ಚು ಸ್ವಾತಂತ್ರ್ಯ. ತಿಳಿ ಹಳದಿ ಗೋಡೆಯೂ ನಡೆಯುತ್ತದೆ.

ದೀಪದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಎಲ್‌ಇಡಿ ಡಬ್ಬಿಯ ಮೇಲೆ 2700ಕೆ, 6500ಕೆ ಅಂತ ಬರೆದಿರುತ್ತಾರೆ. 2700 ಅಂದರೆ ಹಳೆಯ ಬಲ್ಬಿನ ಹಳದಿ ಬೆಳಕು. ಇಟ್ಟಿಗೆ ಅದರಲ್ಲಿ ಜೀವ ತುಂಬಿಕೊಳ್ಳುತ್ತದೆ. 6500ರ ನೀಲಿ ಬಿಳಿ ಬೆಳಕಿನಲ್ಲಿ ಅದೇ ಗೋಡೆ ಮಂಕು ಕಂದಾಗುತ್ತದೆ. ಬಣ್ಣ ಆರಿಸುವ ಮೊದಲು ಯಾವ ದೀಪ ಅನ್ನುವುದು ತೀರ್ಮಾನವಾಗಿರಲಿ.

ಆರಿಸುವುದು ಹೇಗೆ? ಕಾರ್ಡಿನ ಚೂರು ನೋಡಿ ಆರಿಸಬೇಡಿ, ಗೋಡೆಗೆ ನೇರವಾಗಿ ತೇಪೆ ಹಚ್ಚಲೂ ಬೇಡಿ. ಎರಡಡಿಗೆ ಎರಡಡಿ ಪ್ಲೈವುಡ್ ಅಥವಾ ಸಿಮೆಂಟ್ ಶೀಟಿಗೆ ಪ್ರೈಮರ್ ಹಾಕಿ, ಎರಡು ಕೋಟ್ ಬಳಿದು, ಇಟ್ಟಿಗೆಗೆ ಒರಗಿಸಿ ಇಡಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ದೀಪದಲ್ಲಿ ನೋಡಿ. ರಸ್ತೆಯ ಆಚೆ ಬದಿಗೆ ಹೋಗಿ ನೋಡಿ. ಹೊರಗಿನ ಗೋಡೆಗೆ ಮಣ್ಣಿನ ಬಣ್ಣಗಳು, ಅಂದರೆ ಕಾವಿ, ಹಳದಿ ಮಣ್ಣು, ಕಂದು, ಕಪ್ಪು, ಬಿಸಿಲಿಗೆ ಬೇಗ ಮಾಸುವುದಿಲ್ಲ. ಅವುಗಳಲ್ಲಿರುವುದು ಕಬ್ಬಿಣದ ಆಕ್ಸೈಡ್. ಇಟ್ಟಿಗೆಗೆ ಬಣ್ಣ ಕೊಟ್ಟದ್ದೂ ಅದೇ ಕಬ್ಬಿಣ. ಹೊಸ ಸಿಮೆಂಟ್ ಗಾರೆಯ ಮೇಲೆ ಕನಿಷ್ಠ 28 ದಿನ ಬಿಟ್ಟು ಪೇಂಟ್ ಮಾಡಿಸಿ.

ಇನ್ನು ನಿಮ್ಮ ಪ್ರಶ್ನೆಗಳು.

"ಮೇಡಂ, ಇಟ್ಟಿಗೆಗೇ ಬಿಳಿ ಪೇಂಟ್ ಹೊಡೆಸೋಣ ಅಂತಿದ್ದೇವೆ. ಈಗ ಅದೇ ಫ್ಯಾಷನ್ ಅಲ್ವಾ?"

ಬೇಡ ಅಂತಲೇ ಹೇಳುತ್ತೇನೆ. ಇಟ್ಟಿಗೆ ನೀರು ಹೀರುತ್ತದೆ, ಬಿಸಿಲಿಗೆ ಆರುತ್ತದೆ. ಸಾಮಾನ್ಯ ಇಟ್ಟಿಗೆ ತನ್ನ ತೂಕದ 20 ಶೇಕಡಾದವರೆಗೆ ನೀರು ಹೀರಬಹುದು ಅಂತ ಇಟ್ಟಿಗೆಗೆ ಇರುವ ನಮ್ಮ ಭಾರತೀಯ ಮಾನದಂಡ ಐಎಸ್ 1077 ಕೂಡ ಒಪ್ಪುತ್ತದೆ. ಮೇಲೆ ಎಮಲ್ಷನ್ ಪೇಂಟಿನ ಪದರ ಬಂದರೆ ಒಳಗಿನ ತೇವ ಹೊರಗೆ ಬರಲು ಕಷ್ಟ. ತೇವದ ಜೊತೆ ಬರುವ ಉಪ್ಪು ಪೇಂಟಿನ ಹಿಂದೆ ಸೇರಿಕೊಂಡು ಹಪ್ಪಳದ ಹಾಗೆ ಎಬ್ಬಿಸುತ್ತದೆ. ಆಮೇಲೆ ಪೇಂಟ್ ತೆಗೆಯೋಣ ಅಂದರೆ ಇಟ್ಟಿಗೆಯ ಬೆಂದ ಮೇಲ್ಮೈಯೂ ಅದರ ಜೊತೆ ಹೋಗುತ್ತದೆ. ಬಿಳಿ ಇಟ್ಟಿಗೆಯೇ ಬೇಕು ಅಂತ ಮನಸ್ಸು ಗಟ್ಟಿ ಮಾಡಿದ್ದರೆ ಸುಣ್ಣ ಬಳಿಸಿ. ಇಲ್ಲವೇ ಸಿಲಿಕೇಟ್ ಪೇಂಟ್ ಬಳಸಿ. ಜರ್ಮನಿಯ ಕೈಮ್ ಅನ್ನುವವರು 1878ರಲ್ಲಿ ಪೇಟೆಂಟ್ ಪಡೆದ ಬಗೆ ಅದು. ಎರಡರಲ್ಲೂ ಗೋಡೆ ಉಸಿರಾಡುತ್ತದೆ.

"ನಮ್ಮದು ಉಡುಪಿ ಕಡೆ. ಗೋಡೆ ಎಲ್ಲ ಕಪ್ಪಾಗಿದೆ. ಆಸಿಡ್ ಹಾಕಿ ತೊಳೆಯಬಹುದಾ?"

ಆಸಿಡ್ ಬೇಡ. ಸಂದಿನ ಗಾರೆಯನ್ನು ತಿಂದುಹಾಕುತ್ತದೆ, ಇಟ್ಟಿಗೆಗೂ ಕಲೆ ಬೀಳುತ್ತದೆ. ನಿಮ್ಮ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಬೆಂಗಳೂರಿನ ಮಳೆ ಸರಾಸರಿ 1,000ದ ಒಳಗೆ. ಇಲ್ಲಿ ನಡೆಯುವುದೆಲ್ಲ ಅಲ್ಲಿ ನಡೆಯುವುದಿಲ್ಲ. ಗೋಡೆ ಕಪ್ಪಾಗಿರುವ ಕಡೆ ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಮೊದಲು ನೋಡಿ. ಸಜ್ಜಾದ ಅಡಿಯಲ್ಲಿ ನೀರು ತೊಟ್ಟಿಕ್ಕಲು ಗೀರು ಇದೆಯಾ, ಪ್ಯಾರಪೆಟ್ ಮೇಲಿನ ಕಲ್ಲು ಗೋಡೆಯಿಂದ ಮುಂದೆ ಚಾಚಿದೆಯಾ? ಅದು ಸರಿಯಾದ ಮೇಲೆ ಮೆತ್ತನೆ ಬ್ರಷ್ ಮತ್ತು ನೀರಿನಲ್ಲಿ ಉಜ್ಜಿಸಿ. ಪೂರ್ತಿ ಒಣಗಿದ ಮೇಲೆ ನೀರು ತಡೆಯುವ, ಸಿಲೇನ್ ಸಿಲಾಕ್ಸೇನ್ ಆಧಾರದ ಬಣ್ಣವಿಲ್ಲದ ದ್ರವ ಹೊಡೆಸಬಹುದು. ಅದು ಇಟ್ಟಿಗೆಯ ಒಳಗೆ ಹೀರಿಕೊಳ್ಳುತ್ತದೆ, ಮೇಲೆ ಹೊಳಪಿನ ಪದರ ಬಿಡುವುದಿಲ್ಲ. ವಾರ್ನಿಷ್ ಹಾಗೆ ಹೊಳೆಯುವಂಥದ್ದನ್ನು ತೆಗೆದುಕೊಳ್ಳಬೇಡಿ.

"ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಮನೆಯೂ ಇಟ್ಟಿಗೆಯದು. ಬಾಗಿಲಿಗೆ ಯಾವ ಬಣ್ಣ ಅಂತ ಕೇಳುತ್ತಿದ್ದಳು."

ಅಮ್ಮ, ಅಲ್ಲಿ ಹೆಚ್ಚಿನ ಹೊಸ ಇಟ್ಟಿಗೆ ಮನೆಗಳಲ್ಲಿ ಮರದ ಚೌಕಟ್ಟಿನ ಹೊರಗೆ ಒಂದು ಸಾಲು ಇಟ್ಟಿಗೆ ಹೊದಿಕೆಯ ಹಾಗೆ ಇರುತ್ತದೆ. ಕೆಳಗಿನ ಸಾಲಿನಲ್ಲಿ ನೀರು ಹೊರಗೆ ಹೋಗಲು ಸಣ್ಣ ಸಣ್ಣ ತೂತು ಬಿಟ್ಟಿರುತ್ತಾರೆ. ಪೇಂಟ್ ಮಾಡುವವರು ಅವನ್ನು ಮುಚ್ಚದ ಹಾಗೆ ನೋಡಿಕೊಳ್ಳಲು ಹೇಳಿ. ಬಡಾವಣೆಯ ಸಂಘದವರ ಬಣ್ಣದ ನಿಯಮ ಇದ್ದರೆ ಅದನ್ನೂ ಮೊದಲೇ ಕೇಳಿಕೊಳ್ಳಲಿ. ಕಿಟಕಿ ಬಿಳಿ ಇದ್ದರೆ ಬಾಗಿಲಿಗೆ ಕಡು ನೀಲಿ ಅಥವಾ ಕಡು ಹಸಿರು. ಇಟ್ಟಿಗೆ ಕಿತ್ತಳೆ ಕಡೆಗಿದ್ದರೆ ನೀಲಿ, ನೇರಳೆ ಕಂದು ಇದ್ದರೆ ಹಸಿರು. ತೂತು ಮಾಡಿದ ಹಾಳೆ ಇಟ್ಟು ನೋಡಿ ಫೋನ್ ಮಾಡಲು ಹೇಳಿ. ಫೋಟೊ ನೋಡಿ ಹೇಳುವುದು ಕಷ್ಟ, ಫೋನಿನ ಕ್ಯಾಮೆರಾ ಕೆಂಪನ್ನು ಬದಲಿಸಿಬಿಡುತ್ತದೆ.